ಅಪ್ಪನ ಕಸುಬು ಬೇಡ ಅಂದ ಮಕ್ಕಳ ಚರಿತ್ರೆ



"ನಿಮ್ಮ ಮಕ್ಕಳೆಲ್ಲ ಯಾಕೆ ಬಿಎ, ಬಿಕಾಂ ಅಂತಾನೇ ಹೋಗ್ತಾರೆ? ಒಂದು ಕೈಕೆಲಸ ಕಲಿಯಬಾರದಾ?" ಈ ಬುದ್ಧಿಮಾತು ನಮಗೆ ಹೊಸದಲ್ಲ. ಹೇಳೋರ ಮಕ್ಕಳು ಏನು ಓದ್ತಿದ್ದಾರೆ ಅಂತ ಕೇಳಿದ್ರೆ ಮಾತು ಅಲ್ಲಿಗೇ ನಿಲ್ಲುತ್ತೆ. ಇರಲಿ, ಪ್ರಶ್ನೆಗೆ ಉತ್ತರ ಚರಿತ್ರೆಯಲ್ಲಿದೆ.

1953ರಲ್ಲಿ ಮದ್ರಾಸ್ ರಾಜ್ಯದ ಮುಖ್ಯಮಂತ್ರಿ ರಾಜಾಜಿಯವರು ಹಳ್ಳಿಯ ಪ್ರಾಥಮಿಕ ಶಾಲೆಗಳಿಗೆ ಹೊಸ ಯೋಜನೆ ತಂದರು. ಮಕ್ಕಳಿಗೆ ದಿನಕ್ಕೆ ಮೂರು ಗಂಟೆ ಮಾತ್ರ ಪಾಠ. ಉಳಿದ ಹೊತ್ತು ಮನೆಯಲ್ಲಿ ಅಪ್ಪ ಅಮ್ಮನ ಕೆಲಸ ಕಲಿಯೋದು. ನಮ್ಮ ದಕ್ಷಿಣ ಕನ್ನಡ, ಕೊಳ್ಳೇಗಾಲ ಕೂಡ ಆಗ ಅದೇ ರಾಜ್ಯದಲ್ಲಿದ್ದವು.

ಯೋಜನೆಯಲ್ಲಿ ಜಾತಿಯ ಹೆಸರು ಹೇಳೋ ಅಗತ್ಯವೇ ಇರಲಿಲ್ಲ. ಚಪ್ಪಲಿ ಹೊಲಿಯೋನ ಮಗ ಏನು ಕಲೀತಾನೆ? ಜೀತದಾಳಿನ ಮಗ ಏನು ಕಲೀತಾನೆ? ವಿರೋಧಿಗಳು ಇದನ್ನು 'ಕುಲಕಲ್ವಿ', ಅಂದರೆ ಕುಲದ ಶಿಕ್ಷಣ ಅಂತ ಕರೆದರು. ಪೆರಿಯಾರ್ ಬೀದಿಗಿಳಿದರು. 1954ರಲ್ಲಿ ರಾಜಾಜಿ ಅಧಿಕಾರ ಬಿಟ್ಟರು, ಕಾಮರಾಜರು ಬಂದರು, ಯೋಜನೆ ರದ್ದಾಯ್ತು.

ಹಾಗಾದ್ರೆ ಬಾಬಾಸಾಹೇಬರು ತಾಂತ್ರಿಕ ಶಿಕ್ಷಣ ಬೇಡ ಅಂದಿದ್ರಾ? ಇಲ್ಲ. 1942ರಲ್ಲಿ ಬ್ರಿಟಿಷ್ ಸರ್ಕಾರಕ್ಕೆ ಕೊಟ್ಟ ಮನವಿಯಲ್ಲಿ ಪರಿಶಿಷ್ಟರ ಮಕ್ಕಳು ವಿಜ್ಞಾನ, ತಂತ್ರಜ್ಞಾನ ಓದಲು ವಿದ್ಯಾರ್ಥಿವೇತನ ಕೇಳಿದರು. ಸರ್ಕಾರಿ ಮುದ್ರಣಾಲಯ, ರೈಲ್ವೆಗಳಲ್ಲಿ ತರಬೇತಿ ಕೇಳಿದರು. ಅವರು ಕೇಳಿದ್ದು ಹೊಸ ಕಸುಬು, ಹುಟ್ಟಿನಿಂದ ಅಂಟಿಸಿದ ಕಸುಬಲ್ಲ. ಜೊತೆಗೆ 1946ರಲ್ಲಿ ಮುಂಬೈಯಲ್ಲಿ ಸಿದ್ಧಾರ್ಥ ಕಾಲೇಜನ್ನೂ ಕಟ್ಟಿದರು. ಈ ವ್ಯತ್ಯಾಸ ಆಳುವವರಿಗೆ ಇವತ್ತಿಗೂ ಅರ್ಥವಾಗಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿ ಪಿಯುಸಿ ಹಂತದ ಶೇ. 10ರಷ್ಟು ಮಕ್ಕಳನ್ನು 1990ರೊಳಗೆ, ಶೇ. 25ರಷ್ಟು ಮಕ್ಕಳನ್ನು 1995ರೊಳಗೆ ವೃತ್ತಿ ಶಿಕ್ಷಣಕ್ಕೆ ತರಬೇಕು ಅಂತ ಗುರಿ ಇಟ್ಟಿತು. ಆ ಗುರಿ ಮುಟ್ಟಲೇ ಇಲ್ಲ. ನಮ್ಮ ಮಕ್ಕಳು ಸೋಮಾರಿಗಳು ಅಂತಲ್ಲ, ಅವರಿಗೆ ಲೆಕ್ಕ ಗೊತ್ತಿತ್ತು. ನಾನು ಗುಮಾಸ್ತ, ದಿನಾ ಕಡತದಲ್ಲೇ ಇದನ್ನ ನೋಡ್ತೀನಿ. ಎಫ್‌ಡಿಎ ಆಗಬೇಕಾ, ಪದವಿ ಬೇಕು. ಕೆಎಎಸ್ ಬರೆಯಬೇಕಾ, ಪದವಿ ಬೇಕು. ಅರ್ಜಿ ಹಾಕೋಕೇ ಪದವಿ ಕೇಳೋ ದೇಶದಲ್ಲಿ ಬಡವರ ಮಗಳು ಪದವಿ ಬಿಟ್ಟು ಇನ್ನೇನು ಆರಿಸ್ಕೋಬೇಕು?

ಬಿಎ ಮುಗಿಸಿದವರಿಗೆಲ್ಲ ಕೆಲಸ ಸಿಕ್ಕಿದೆ ಅಂತ ನಾನು ಹೇಳ್ತಿಲ್ಲ. ಐಟಿಐ ಕೀಳು ಅಂತಲೂ ಅಲ್ಲ. ಎಲೆಕ್ಟ್ರಿಷಿಯನ್ ಕೆಲಸ, ವೆಲ್ಡಿಂಗ್ ಕಲಿತು ಮರ್ಯಾದೆಯಿಂದ ಬಾಳ್ತಿರೋ ನಮ್ಮ ಹುಡುಗರು ಬೇಕಾದಷ್ಟಿದ್ದಾರೆ. ಆದರೆ ಈಗ 2020ರ ಶಿಕ್ಷಣ ನೀತಿ ಮತ್ತೆ ಶಾಲೆಯಲ್ಲೇ ವೃತ್ತಿ ಕಲಿಸ್ತೀವಿ ಅಂತಿದೆ. 2023ರ ಪಿಎಂ ವಿಶ್ವಕರ್ಮ ಯೋಜನೆ ಕುಟುಂಬದ ಸಾಂಪ್ರದಾಯಿಕ ಕಸುಬನ್ನೇ ಹಿಡಿದಿದೆ. ಇದಕ್ಕೆ ತಮಿಳುನಾಡು ಸರ್ಕಾರ ಆಕ್ಷೇಪ ಎತ್ತಿದ್ದು ಸುಮ್ಮನೆ ಅಲ್ಲ. 1953 ಅವರಿಗೆ ನೆನಪಿದೆ.

ನಮ್ಮ ಬೇಡಿಕೆ ಮೂರೇ. ಕಸುಬು ಕಲಿಸೋದಾದ್ರೆ ಕಾನ್ವೆಂಟ್ ಮಕ್ಕಳಿಗೂ ಕಲಿಸಿ. ಕಲಿತವರಿಗೆ ಪದವಿಯ ಬಾಗಿಲು ತೆರೆದಿಡಿ. ಯಾವ ಕಸುಬು ಅನ್ನೋದನ್ನ ಮಗು ಆರಿಸಲಿ, ಅಪ್ಪನ ಜಾತಿ ಅಲ್ಲ.

ಅಲ್ಲೀತನಕ ನಮ್ಮ ಮಕ್ಕಳನ್ನ ಕಾಲೇಜಿಗೇ ಕಳಿಸ್ತೀವಿ.