ಅಕ್ಷಿಪಟಲದ ಬೆಳವಣಿಗೆಯಲ್ಲಿ ಮೈಕ್ರೋ ಆರ್‌ಎನ್‌ಎಗಳ ಪಾತ್ರ

ಮೈಕ್ರೋ ಆರ್‌ಎನ್‌ಎಗಳು ಸುಮಾರು 22 ನ್ಯೂಕ್ಲಿಯೋಟೈಡ್‌ಗಳಷ್ಟು ಉದ್ದವಿರುವ, ತಾವಾಗಿ ಯಾವ ಪ್ರೋಟೀನನ್ನೂ ತಯಾರಿಸದ ಕಿರು ಆರ್‌ಎನ್‌ಎ ಎಳೆಗಳು. ಕಣ್ಣಿನ ಹಿಂಬದಿಯಲ್ಲಿ ಬೆಳಕನ್ನು ಗ್ರಹಿಸುವ ಪದರಕ್ಕೆ ಅಕ್ಷಿಪಟಲ ಅಥವಾ ರೆಟಿನಾ ಎಂದು ಹೆಸರು. ಭ್ರೂಣದಲ್ಲಿ ಈ ಪದರವು ರೂಪುಗೊಳ್ಳುವಾಗ ಯಾವ ಬಗೆಯ ಜೀವಕೋಶವು ಯಾವ ಕಾಲದಲ್ಲಿ ಹುಟ್ಟಬೇಕು ಎಂಬುದನ್ನು ನಿಯಂತ್ರಿಸುವಲ್ಲಿ ಮೈಕ್ರೋ ಆರ್‌ಎನ್‌ಎಗಳು ಪ್ರಮುಖ ಪಾತ್ರ ವಹಿಸುತ್ತವೆ. ಬೆಳೆದ ಕಣ್ಣಿನಲ್ಲಿ ಬೆಳಕನ್ನು ಗ್ರಹಿಸುವ ಕೋಶಗಳು ಬದುಕಿ ಉಳಿಯುವುದಕ್ಕೂ ಇವು ಅಗತ್ಯ.

ಕೋಶಗಳು ಹುಟ್ಟುವ ಕ್ರಮ

ಅಕ್ಷಿಪಟಲದಲ್ಲಿ ಆರು ಮುಖ್ಯ ಬಗೆಯ ನರಕೋಶಗಳೂ ಅವುಗಳಿಗೆ ಆಸರೆಯಾಗಿರುವ ಮ್ಯೂಲರ್ ಗ್ಲಿಯಾ ಎಂಬ ಕೋಶಗಳೂ ಇವೆ. ಈ ಏಳೂ ಬಗೆಗಳು ಒಂದೇ ಗುಂಪಿನ ಮೂಲಕೋಶಗಳಿಂದ ಹುಟ್ಟುತ್ತವೆ. ಮೊದಲು ಮಿದುಳಿಗೆ ಸಂದೇಶವನ್ನು ಒಯ್ಯುವ ಗ್ಯಾಂಗ್ಲಿಯನ್ ಕೋಶಗಳು ಕಾಣಿಸಿಕೊಳ್ಳುತ್ತವೆ. ಹಾರಿಜಾಂಟಲ್ ಕೋಶಗಳು, ಬಣ್ಣವನ್ನು ಗುರುತಿಸುವ ಶಂಕುಕೋಶಗಳು ಮತ್ತು ಅಮಾಕ್ರಿನ್ ಕೋಶಗಳು ಸಹ ಹೆಚ್ಚಾಗಿ ಮೊದಲ ಹಂತದಲ್ಲೇ ಹುಟ್ಟುತ್ತವೆ. ಮಬ್ಬು ಬೆಳಕಿಗೆ ಸ್ಪಂದಿಸುವ ದಂಡಕೋಶಗಳು, ಬೈಪೋಲಾರ್ ಕೋಶಗಳು ಹಾಗೂ ಮ್ಯೂಲರ್ ಗ್ಲಿಯಾ ಹೆಚ್ಚಾಗಿ ನಂತರ ಬರುತ್ತವೆ. ಹಂತಗಳು ಒಂದರ ಮೇಲೊಂದು ಅಷ್ಟಿಷ್ಟು ಚಾಚಿಕೊಂಡಿದ್ದರೂ ಈ ಸರದಿಯು ಕಶೇರುಕಗಳಲ್ಲೆಲ್ಲ ಬಹುಮಟ್ಟಿಗೆ ಒಂದೇ ತೆರನಾಗಿದೆ. ಹಾಗಾದರೆ ಮೂಲಕೋಶಕ್ಕೆ ಕಾಲ ಸರಿದುದು ತಿಳಿಯುವುದು ಹೇಗೆ? ಇದಕ್ಕೆ ಉತ್ತರದ ಒಂದು ಭಾಗ ಮೈಕ್ರೋ ಆರ್‌ಎನ್‌ಎಗಳಲ್ಲಿ ದೊರೆತಿದೆ.

ಹುಳುವಿನಲ್ಲಿ ದೊರೆತ ಸುಳಿವು

1993ರಲ್ಲಿ ಅಮೆರಿಕದ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್‌ಕುನ್ ಅವರ ತಂಡಗಳು ಸೀನೊರಾಬ್ಡೈಟಿಸ್ ಎಲೆಗನ್ಸ್ ಎಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ಹುಳುವಿನಲ್ಲಿ ಲಿನ್-4 ಎಂಬ ಮೊದಲ ಮೈಕ್ರೋ ಆರ್‌ಎನ್‌ಎಯ ಕಾರ್ಯವನ್ನು ವಿವರಿಸಿದವು. ಲಿನ್-4 ಇಲ್ಲದ ಹುಳುವು ಬೆಳವಣಿಗೆಯ ಮೊದಲ ಹಂತವನ್ನೇ ಮತ್ತೆ ಮತ್ತೆ ಪುನರಾವರ್ತಿಸುತ್ತದೆ. ತೇರ್ಗಡೆಯಾಗದೆ ಒಂದೇ ತರಗತಿಯಲ್ಲಿ ಉಳಿದ ವಿದ್ಯಾರ್ಥಿಯಂತೆ ಎನ್ನಬಹುದು. 2000ದಲ್ಲಿ ಅದೇ ಹುಳುವಿನಲ್ಲಿ ಲೆಟ್-7 ಎಂಬ ಇನ್ನೊಂದು ಕಾಲಸೂಚಕವು ಪತ್ತೆಯಾಯಿತು. ಇದು ಮನುಷ್ಯನಲ್ಲಿಯೂ ಇದೆ ಎಂದು ತಿಳಿದ ಬಳಿಕವೇ ಈ ಕ್ಷೇತ್ರಕ್ಕೆ ವ್ಯಾಪಕ ಗಮನ ದೊರೆಯಿತು. ಆಂಬ್ರೋಸ್ ಮತ್ತು ರವ್‌ಕುನ್ ಅವರಿಗೆ 2024ರ ವೈದ್ಯಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿದೆ.

ಮೈಕ್ರೋ ಆರ್‌ಎನ್‌ಎಯು ಮೊದಲು ಉದ್ದವಾದ ಎಳೆಯಾಗಿ ತಯಾರಾಗುತ್ತದೆ. ಕೋಶಕೇಂದ್ರದಲ್ಲಿ ಡ್ರೋಶ, ಅದರ ಹೊರಗೆ ಡೈಸರ್ ಎಂಬ ಕಿಣ್ವಗಳು ಅದನ್ನು ಕತ್ತರಿಸಿ ಕಿರಿದಾಗಿಸುತ್ತವೆ. ಹೀಗೆ ಸಿದ್ಧವಾದ ಎಳೆಯು ಆರ್ಗೊನಾಟ್ ಎಂಬ ಪ್ರೋಟೀನಿನೊಡನೆ ಸೇರಿ, ತನಗೆ ಹೊಂದುವ ಸಂದೇಶವಾಹಕ ಆರ್‌ಎನ್‌ಎಗೆ ಅಂಟಿಕೊಂಡು ಅದರಿಂದ ಪ್ರೋಟೀನು ತಯಾರಾಗುವುದನ್ನು ತಗ್ಗಿಸುತ್ತದೆ.

ಇಲಿಯ ಕಣ್ಣಿನಲ್ಲಿ ನಡೆದ ಪ್ರಯೋಗಗಳು

ಡೈಸರ್ ಇಲ್ಲದಿದ್ದರೆ ಬಹುತೇಕ ಎಲ್ಲ ಮೈಕ್ರೋ ಆರ್‌ಎನ್‌ಎಗಳೂ ಇಲ್ಲವಾಗುತ್ತವೆ. ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದ ಥಾಮಸ್ ರೇ ಅವರ ತಂಡವು ಇಲಿಯ ಅಕ್ಷಿಪಟಲದ ಮೂಲಕೋಶಗಳಿಂದ ಡೈಸರ್ ವಂಶವಾಹಿಯನ್ನು ತೆಗೆದುಹಾಕಿ 2010ರಲ್ಲಿ ಫಲಿತಾಂಶವನ್ನು ಪ್ರಕಟಿಸಿತು. ಆ ಮೂಲಕೋಶಗಳು ವಾಡಿಕೆಯ ಅವಧಿ ಮುಗಿದ ಮೇಲೂ ಗ್ಯಾಂಗ್ಲಿಯನ್ ಕೋಶಗಳನ್ನು ಹುಟ್ಟಿಸುತ್ತಲೇ ಹೋದವು. ನಂತರದ ಹಂತಕ್ಕೆ ದಾಟಲಿಲ್ಲ. ಹುಳುವಿನಲ್ಲಿ ಕಂಡ ಲೋಪವೇ ಇಲ್ಲಿಯೂ ಕಂಡಿತು.

2013ರಲ್ಲಿ ಅದೇ ತಂಡವು ಈ ಕೆಲಸಕ್ಕೆ ಮುಖ್ಯವಾದ ಮೂರು ಮೈಕ್ರೋ ಆರ್‌ಎನ್‌ಎಗಳನ್ನು ಗುರುತಿಸಿತು: ಲೆಟ್-7, ಮಿರ್-125 ಮತ್ತು ಮಿರ್-9. ಇವನ್ನು ಮರಳಿ ಒದಗಿಸಿದಾಗ ಡೈಸರ್ ಇಲ್ಲದ ಮೂಲಕೋಶಗಳೂ ಮುಂದಿನ ಹಂತಕ್ಕೆ ಸಾಗಿದವು. ಇವು ಲಿನ್28ಬಿ ಮತ್ತು ಪ್ರೋಟೋಜೆನಿನ್ ಎಂಬ ವಂಶವಾಹಿಗಳನ್ನು ತಗ್ಗಿಸುತ್ತವೆ. ಮಿರ್-125 ಎಂಬುದು ಹುಳುವಿನ ಲಿನ್-4ರ ಸಂಬಂಧಿ. ಲಿನ್28ಬಿಯ ಸಂಬಂಧಿಯಾದ ಲಿನ್-28 ಹುಳುವಿನಲ್ಲಿಯೂ ಲಿನ್-4ರ ಹಿಡಿತದಲ್ಲಿದೆ. ಕಣ್ಣೇ ಇಲ್ಲದ ಜೀವಿಯ ಕಾಲಮಾಪನದ ಏರ್ಪಾಡು ಇಲಿಯ ಕಣ್ಣಿನಲ್ಲಿಯೂ ಬಳಕೆಯಲ್ಲಿರುವುದು ಈ ವಿಷಯದ ಅತ್ಯಂತ ಕುತೂಹಲಕರ ಅಂಶ.

ಬೆಳೆದ ಕಣ್ಣು ಮತ್ತು ರೋಗಗಳು

ಮಿರ್-183, ಮಿರ್-96, ಮಿರ್-182 ಎಂಬ ಮೂರು ಒಂದೇ ಗುಚ್ಛವಾಗಿ ಬೆಳಕುಗ್ರಾಹಿ ಕೋಶಗಳಲ್ಲಿ ಹೇರಳವಾಗಿವೆ. ಬೆಳಕಿನಲ್ಲಿ ಇವುಗಳ ಪ್ರಮಾಣ ಏರುತ್ತದೆ, ಕತ್ತಲಲ್ಲಿ ಇಳಿಯುತ್ತದೆ. ಈ ಗುಚ್ಛವಿಲ್ಲದ ಇಲಿಗಳಲ್ಲಿ ಅಕ್ಷಿಪಟಲವು ಕ್ರಮೇಣ ಕ್ಷೀಣಿಸುತ್ತದೆ. ಕಿವಿಯ ಒಳಭಾಗದಲ್ಲಿಯೂ ಇವು ಕೆಲಸ ಮಾಡುವುದರಿಂದ ಮಿರ್-96ರ ದೋಷವು ಮನುಷ್ಯರಲ್ಲಿ ಆನುವಂಶಿಕ ಕಿವುಡಿಗೆ ಕಾರಣವಾಗುತ್ತದೆ.

ಮನುಷ್ಯರ ಕಣ್ಣಿಗೆ ಸಂಬಂಧಿಸಿದ ಸ್ಪಷ್ಟ ನಿದರ್ಶನವು ಮಿರ್-204. ಇದರಲ್ಲಿ ಒಂದೇ ಒಂದು ಅಕ್ಷರದಷ್ಟು ವ್ಯತ್ಯಾಸವಾದ ಕಾರಣ, ಒಂದು ಕುಟುಂಬದ ಹಲವು ತಲೆಮಾರುಗಳಲ್ಲಿ ಅಕ್ಷಿಪಟಲದ ಕ್ಷೀಣತೆಯೂ ಪಾಪೆಯ ಸುತ್ತಲಿನ ಬಣ್ಣದ ಪೊರೆಯಲ್ಲಿ ಸೀಳೂ ಕಾಣಿಸಿಕೊಂಡುದು 2015ರಲ್ಲಿ ವರದಿಯಾಯಿತು.

ಜೀಬ್ರಾ ಮೀನಿನ ಅಕ್ಷಿಪಟಲಕ್ಕೆ ಪೆಟ್ಟಾದರೆ ಅದರ ಮ್ಯೂಲರ್ ಗ್ಲಿಯಾ ಹೊಸ ನರಕೋಶಗಳನ್ನು ಹುಟ್ಟಿಸುತ್ತದೆ. ಆಗ ಮೊದಲು ಲಿನ್-28 ಹೆಚ್ಚುತ್ತದೆ, ಲೆಟ್-7 ತಗ್ಗುತ್ತದೆ. ಅಂದರೆ ಗಡಿಯಾರದ ಮುಳ್ಳು ಹಿಂದಕ್ಕೆ ಸರಿಯುತ್ತದೆ. ಸಸ್ತನಿಗಳಲ್ಲಿ ಈ ಸಾಮರ್ಥ್ಯ ತಾನಾಗಿ ಪ್ರಕಟವಾಗುವುದಿಲ್ಲ. ಮೈಕ್ರೋ ಆರ್‌ಎನ್‌ಎಗಳ ನೆರವಿನಿಂದ ಇಲಿಯ ಮ್ಯೂಲರ್ ಗ್ಲಿಯಾವನ್ನು ನರಕೋಶಗಳತ್ತ ತಿರುಗಿಸುವ ಪ್ರಯತ್ನಗಳು ಪ್ರಯೋಗಾಲಯಗಳಲ್ಲಿ ನಡೆದಿವೆ.