‘ಡಿಪ್ರೆಸ್ಡ್’ ಎಂಬ ವಿಶೇಷಣ

‘ಯಾಕೋ ಡಿಪ್ರೆಸ್ ಆಗಿದೀನಿ ಸಾರ್’ ಅಂತ ಈಗ ಹಾಸ್ಟೆಲಿನ ಹುಡುಗರೂ ಅಂತಾರೆ. ಒಂದು ಕಾಲಕ್ಕೆ ಅದೇ ಇಂಗ್ಲಿಷ್ ಪದ ನಮ್ಮ ಹಿರೀಕರ ಹಣೆಪಟ್ಟಿಯಾಗಿತ್ತು: ಡಿಪ್ರೆಸ್ಡ್ ಕ್ಲಾಸಸ್. ಲ್ಯಾಟಿನ್ನಿನ ‘ಕೆಳಕ್ಕೆ’, ‘ಒತ್ತು’ ಎಂಬ ಎರಡು ಮಾತು ಕೂಡಿ ಹುಟ್ಟಿದ ಪದ ಇದು. ನೆಲ ತಗ್ಗಾಗಿರಲಿ, ಪೇಟೆಯ ಧಾರಣೆ ಕುಸಿದಿರಲಿ, ಮನಸ್ಸು ಕುಗ್ಗಿರಲಿ, ಇಂಗ್ಲಿಷಿನವರಿಗೆ ಇದೊಂದೇ ಸಾಕು. ತಗ್ಗು ಕಾಣುತ್ತದೆ, ಒತ್ತಿದವನು ಮಾತ್ರ ವಾಕ್ಯದಿಂದ ಮೆಲ್ಲಗೆ ಜಾರಿಕೊಳ್ಳುತ್ತಾನೆ. ನನ್ನ ತಕರಾರು ಇರುವುದು ಇಲ್ಲೇ.

ಹಾಗಂತ ಈ ಪದವನ್ನು ಬಳಕೆಗೆ ತಂದವರೆಲ್ಲ ಕೇಡಿಗರೇನಲ್ಲ. ಮಂಗಳೂರಿನಲ್ಲಿ 1892ರಲ್ಲೇ ಅಸ್ಪೃಶ್ಯ ಮಕ್ಕಳಿಗೆ ಶಾಲೆ ತೆರೆದ ಕುದ್ಮುಲ್ ರಂಗರಾಯರು 1897ರಲ್ಲಿ ಕಟ್ಟಿದ ಸಂಸ್ಥೆಗೂ, ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು 1906ರಲ್ಲಿ ಮುಂಬಯಿಯಲ್ಲಿ ಸ್ಥಾಪಿಸಿದ ಸಂಸ್ಥೆಗೂ ಇದೇ ಹೆಸರು, ಡಿಪ್ರೆಸ್ಡ್ ಕ್ಲಾಸಸ್ ಮಿಷನ್. ಕನಿಕರವೇನೋ ನಿಜ. ಆದರೆ ಕನಿಕರದ ಭಾಷೆ ಮೇಲೆ ನಿಂತವನ ಭಾಷೆಯೇ ತಾನೆ?

ಗಾಂಧಿಯವರಿಗೂ ಇದರ ಕೊರತೆ ಹೊಳೆದಿತ್ತು. ವಿವೇಕಾನಂದರು ಬಳಸುತ್ತಿದ್ದ ‘ಸಪ್ರೆಸ್ಡ್’ ಎಂಬ ವಿಶೇಷಣವೇ ಹೆಚ್ಚು ಸರಿ, ಅವರನ್ನು ಅದುಮಿದವರು ನಾವು ಎಂದು 1920ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬರೆದರು. ಕರ್ತೃಪದವೇನೋ ಸಿಕ್ಕಿತು. ಆದರೆ ಆ ‘ನಾವು’ ಒಳಗೆ ನಾವಿರಲಿಲ್ಲ!

ಅಂಬೇಡ್ಕರರ ಆಕ್ಷೇಪ ಬೇರೆ ಥರದ್ದು. 1930ರಲ್ಲಿ ನಾಗಪುರದ ಡಿಪ್ರೆಸ್ಡ್ ಕ್ಲಾಸಸ್ ಕಾಂಗ್ರೆಸ್ಸಿಗೆ ಅವರೇ ಅಧ್ಯಕ್ಷರು. ಮಾರನೆ ವರ್ಷ ದುಂಡುಮೇಜಿನ ಪರಿಷತ್ತಿಗೆ ರೆಟ್ಟಮಲೈ ಶ್ರೀನಿವಾಸನ್ ಜೊತೆ ಕೊಟ್ಟ ಮನವಿಯಲ್ಲಿ, ಈ ಹೆಸರು ಅವಮಾನಕರ, ಬದಲಿಸಿ ಅಂದರು. ‘ಪ್ರಾಟೆಸ್ಟೆಂಟ್ ಹಿಂದೂ’ ಎಂಬುದು ಅವರು ಸೂಚಿಸಿದ ಹೆಸರುಗಳಲ್ಲೊಂದು. 1932ರಲ್ಲಿ ಲೋಥಿಯನ್ ಸಮಿತಿಗೆ ಬರೆದ ಟಿಪ್ಪಣಿಯಲ್ಲಿ ಇನ್ನೂ ಬಿಡಿಸಿ ಹೇಳಿದರು: ಈ ಪದ ಕೇಳಿದವರಿಗೆ ಇವರು ಕೀಳು, ಅಸಹಾಯಕರು ಅನ್ನಿಸುತ್ತದೆ; ಆದರೆ ಪ್ರತಿ ಪ್ರಾಂತ್ಯದಲ್ಲೂ ಇವರಲ್ಲಿ ಓದಿದವರಿದ್ದಾರೆ, ಅನುಕೂಲಸ್ಥರಿದ್ದಾರೆ. ಬೇಕಾದರೆ ‘ಎಕ್ಸ್‌ಕ್ಲೂಡೆಡ್’ ಅನ್ನಿ, ಹೊರಗಿಟ್ಟವರು. ಬಡತನವನ್ನಲ್ಲ, ಬಾಗಿಲು ಹಾಕಿಕೊಂಡಿದ್ದನ್ನು ಹೆಸರಿಸಬೇಕೆಂಬ ಹಟ ಇದು.

ಸರ್ಕಾರ ಕೊಟ್ಟದ್ದೇನು? 1935ರ ಕಾಯ್ದೆಯಲ್ಲಿ ‘ಷೆಡ್ಯೂಲ್ಡ್’, ಪಟ್ಟಿಗೆ ಸೇರಿದವರು. ಕನ್ನಡದ ಪಂಡಿತರು ಅದನ್ನು ‘ಪರಿಶಿಷ್ಟ’ ಮಾಡಿದರು. ಸಂಸ್ಕೃತದಲ್ಲಿ ಆ ಪದದ ಅರ್ಥ ಉಳಿದದ್ದು, ಗ್ರಂಥದ ಕೊನೆಗೆ ಅಂಟಿಸುವ ಅನುಬಂಧ. ಊರ ಕೊನೆಯಲ್ಲಿದ್ದವರಿಗೆ ಪುಸ್ತಕದಲ್ಲೂ ಕೊನೆಯೇ!

‘ದಲಿತ’ವೂ ವ್ಯಾಕರಣದ ಪ್ರಕಾರ ಇದೇ ಜಾತಿಯ ಪದ. ಸೀಳಿದ್ದು, ಒಡೆದದ್ದು ಅಂತಷ್ಟೇ ಅರ್ಥ. ಒಡೆದವನ ಹೆಸರು ಅಲ್ಲೂ ಇಲ್ಲ. ಆದರೆ 1972ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ಸ್ ಮರುವರ್ಷದ ಪ್ರಣಾಳಿಕೆಯಲ್ಲಿ ಅದಕ್ಕೆ ತಾವೇ ಅರ್ಥ ಬರೆದರು. ಪರಿಶಿಷ್ಟ ಜಾತಿ, ಬುಡಕಟ್ಟು, ನವಬೌದ್ಧರು, ದುಡಿಯುವವರು, ಭೂಮಿಯಿಲ್ಲದವರು, ಹೆಂಗಸರು ಎಲ್ಲರೂ ಅದರಲ್ಲಿ ಬಂದರು. ರಾಜಕೀಯವಾಗಿ, ಆರ್ಥಿಕವಾಗಿ, ಧರ್ಮದ ಹೆಸರಲ್ಲಿ ಶೋಷಣೆಗೊಳಗಾದವರು ಎಂಬ ಮಾತನ್ನೂ ಅವರು ಬಿಡದೆ ಸೇರಿಸಿದರು.