ವಿಹಾರ ನೌಕೆಗಳಲ್ಲಿ ಪ್ರಯಾಣಿಕರ ಅಶಿಸ್ತು

ವಿಹಾರ ನೌಕೆಗಳಲ್ಲಿ ಪ್ರಯಾಣಿಕರ ಅಶಿಸ್ತು ಎಂಬುದು ಕ್ರೂಸ್ ಹಡಗುಗಳಲ್ಲಿ ಪ್ರಯಾಣಿಸುವವರು ಸುರಕ್ಷತಾ ನಿಯಮಗಳನ್ನು ಮೀರುವುದು, ಸಹಪ್ರಯಾಣಿಕರಿಗೆ ಅಥವಾ ಸಿಬ್ಬಂದಿಗೆ ತೊಂದರೆ ಕೊಡುವುದು ಮತ್ತು ಹಡಗಿನ ಅಧಿಕಾರಿಗಳ ಆದೇಶವನ್ನು ಧಿಕ್ಕರಿಸುವುದು ಇವುಗಳಿಗೆ ಒಟ್ಟಾಗಿ ಬಳಸುವ ಹೆಸರು. ಬಸ್ಸಿನಲ್ಲಿ ಗಲಾಟೆ ಮಾಡಿದವನನ್ನು ಮುಂದಿನ ನಿಲ್ದಾಣದಲ್ಲಿ ಇಳಿಸಬಹುದು ಅಥವಾ ಬಸ್ಸನ್ನೇ ಠಾಣೆಯ ಮುಂದೆ ನಿಲ್ಲಿಸಬಹುದು. ನಡುಗಡಲಿನಲ್ಲಿ ಈ ಎರಡೂ ಸಾಧ್ಯವಿಲ್ಲ. ಸಾವಿರಾರು ಜನರನ್ನು ಹೊತ್ತು ದಿನಗಟ್ಟಲೆ ಚಲಿಸುವ ಹಡಗಿನಲ್ಲಿ ಪೊಲೀಸರಾಗಲಿ ನ್ಯಾಯಾಧೀಶರಾಗಲಿ ಇರುವುದಿಲ್ಲ. ಕಪ್ತಾನನ ಅಧಿಕಾರ ಮತ್ತು ಟಿಕೆಟ್ಟಿನ ಹಿಂದಿರುವ ಒಪ್ಪಂದ, ಇವೆರಡರ ಮೇಲೆಯೇ ಅಲ್ಲಿಯ ಶಿಸ್ತು ನಿಂತಿದೆ.

ಸ್ವರೂಪ

ಈ ಅಶಿಸ್ತಿನ ಬಹುಪಾಲು ಸಣ್ಣ ತರದ್ದು. ಈಜುಕೊಳದ ಬದಿಯ ಕುರ್ಚಿಗಳ ಮೇಲೆ ಬೆಳಗಾಗುವ ಮೊದಲೇ ಟವೆಲ್ ಹಾಸಿ ಮಧ್ಯಾಹ್ನದವರೆಗೂ ಕಾಯ್ದಿರಿಸುವುದು, ಊಟದ ಸಾಲಿನಲ್ಲಿ ನುಗ್ಗುವುದು, ರಾತ್ರಿ ಕೊಠಡಿಗಳ ಸಾಲಿನಲ್ಲಿ ಕೂಗಾಡುವುದು ಇತ್ಯಾದಿ. ಇವುಗಳಿಂದ ಹಡಗು ಮುಳುಗುವುದಿಲ್ಲ. ಆದರೆ ನೆಲದ ಮೇಲೆ ಕ್ಷುಲ್ಲಕ ಎನಿಸುವ ಕೆಲವು ನಡವಳಿಕೆಗಳು ಹಡಗಿನಲ್ಲಿ ಪ್ರಾಣಾಪಾಯಕ್ಕೆ ಕಾರಣವಾಗುತ್ತವೆ. 2006ರ ಮಾರ್ಚ್‌ನಲ್ಲಿ ಜಮೈಕಾ ಸಮೀಪ 'ಸ್ಟಾರ್ ಪ್ರಿನ್ಸೆಸ್' ಹಡಗಿನ ಬಾಲ್ಕನಿಗಳಲ್ಲಿ ಹಬ್ಬಿದ ಬೆಂಕಿಗೆ ಯಾರೋ ಎಸೆದ ಸಿಗರೇಟಿನ ತುಂಡು ಕಾರಣವಿರಬೇಕೆಂದು ಶಂಕಿಸಲಾಯಿತು. ಆ ಅವಘಡದಲ್ಲಿ ಒಬ್ಬ ಪ್ರಯಾಣಿಕ ಮೃತಪಟ್ಟನು. ಕೊಠಡಿಯಲ್ಲಿ ಅಥವಾ ಬಾಲ್ಕನಿಯಲ್ಲಿ ಧೂಮಪಾನ ಮಾಡಿದವರಿಗೆ ಕಾರ್ನಿವಲ್ ಮುಂತಾದ ಕಂಪನಿಗಳು ನೂರಾರು ಡಾಲರ್ ದಂಡ ಹಾಕುವುದರ ಹಿನ್ನೆಲೆ ಇದು.

ತುರ್ತುಸ್ಥಿತಿಯ ಅಭ್ಯಾಸಕ್ಕೆ ಹಾಜರಾಗದಿರುವುದು ಇನ್ನೊಂದು. ಎಲ್ಲಿ ಸೇರಬೇಕು, ಜೀವರಕ್ಷಕ ಜಾಕೆಟ್ ಹೇಗೆ ತೊಡಬೇಕು ಎಂಬುದನ್ನು ಪ್ರಯಾಣಿಕರಿಗೆ ತಿಳಿಸುವ ಈ ಅಭ್ಯಾಸವನ್ನು ಹಿಂದೆ ಹಡಗು ಹೊರಟ 24 ಗಂಟೆಗಳೊಳಗೆ ನಡೆಸಿದರೆ ಸಾಕಿತ್ತು. 2012ರ ಜನವರಿ 13ರಂದು ಇಟಲಿಯ ಜಿಲ್ಯೊ ದ್ವೀಪದ ಬಳಿ 'ಕೋಸ್ಟಾ ಕಾಂಕಾರ್ಡಿಯಾ' ಬಂಡೆಗೆ ಬಡಿದು 32 ಮಂದಿ ಸತ್ತಾಗ, ಅದೇ ದಿನ ಹಡಗು ಏರಿದ್ದ ನೂರಾರು ಜನರಿಗೆ ಅಭ್ಯಾಸವೇ ಆಗಿರಲಿಲ್ಲ. 2015ರ ಜನವರಿ 1ರಿಂದ ಹಡಗು ಹೊರಡುವ ಮೊದಲೇ ಅಥವಾ ಹೊರಟ ಕೂಡಲೇ ಅಭ್ಯಾಸ ನಡೆಸುವುದು ಅಂತರರಾಷ್ಟ್ರೀಯವಾಗಿ ಕಡ್ಡಾಯವಾಯಿತು. ಅಂದಹಾಗೆ, ಆ ದುರಂತದಲ್ಲಿ ನಿಯಮ ಮೀರಿದವನು ಪ್ರಯಾಣಿಕನಲ್ಲ, ಕಪ್ತಾನನೇ. ಪ್ರಯಾಣಿಕರು ಇನ್ನೂ ಹಡಗಿನಲ್ಲಿರುವಾಗಲೇ ಇಳಿದುಹೋದ ಅವನಿಗೆ 2015ರಲ್ಲಿ 16 ವರ್ಷಗಳ ಸೆರೆವಾಸ ವಿಧಿಸಲಾಯಿತು.

ಮದ್ಯಪಾನದ ನಂತರದ ಹೊಡೆದಾಟ, ಲೈಂಗಿಕ ಕಿರುಕುಳ, ಸಿಬ್ಬಂದಿಯ ಮೇಲೆ ಕೈಮಾಡುವುದು ಇವು ಗಂಭೀರ ವರ್ಗಕ್ಕೆ ಸೇರುತ್ತವೆ. ಊಟೋಪಚಾರ, ಕೊಠಡಿಗಳ ಸ್ವಚ್ಛತೆ ಮೊದಲಾದ ಕೆಲಸಗಳಲ್ಲಿ ಗೋವಾ, ಕಾರವಾರ, ಮಂಗಳೂರು ಕಡೆಯ ಯುವಕರು ಬಹಳ ಕಾಲದಿಂದ ಇದ್ದಾರೆ. ತಿಂಗಳುಗಟ್ಟಲೆ ಅವಧಿಯ ಗುತ್ತಿಗೆಯಲ್ಲಿ ದುಡಿಯುವ ಇವರು ಪ್ರಯಾಣಿಕನ ಬೈಗುಳಕ್ಕೆ ಎದುರಾಡುವ ಸ್ಥಿತಿಯಲ್ಲಿರುವುದಿಲ್ಲ.

ಕಪ್ತಾನನ ಅಧಿಕಾರ

ಹಡಗಿನ, ಅದರಲ್ಲಿರುವ ಜನರ ಮತ್ತು ಸರಕಿನ ಸುರಕ್ಷತೆಗೆ ಕಪ್ತಾನನೇ ಹೊಣೆ. ಆ ಹೊಣೆಯಿಂದಲೇ ಅವನ ಅಧಿಕಾರವೂ ಹುಟ್ಟುತ್ತದೆ. ಮೊದಲು ಎಚ್ಚರಿಕೆ ಕೊಡುವುದು ವಾಡಿಕೆ. ಕೇಳದಿದ್ದರೆ ಮದ್ಯ ನೀಡುವುದನ್ನು ನಿಲ್ಲಿಸಲಾಗುತ್ತದೆ, ಕೊಠಡಿಯಲ್ಲೇ ಇರುವಂತೆ ಆದೇಶಿಸಿ ಬಾಗಿಲಲ್ಲಿ ಕಾವಲು ಹಾಕಲಾಗುತ್ತದೆ. ದೊಡ್ಡ ಹಡಗುಗಳ ಕೆಳ ಅಂತಸ್ತಿನಲ್ಲಿ ಬಂಧನಕ್ಕೆಂದೇ ಪುಟ್ಟ ಕೋಣೆಯಿರುತ್ತದೆ. ಕೊನೆಯ ಕ್ರಮವೆಂದರೆ ಮುಂದಿನ ಬಂದರಿನಲ್ಲಿ ಇಳಿಸಿಬಿಡುವುದು. ಹಾಗೆ ಇಳಿಸಲ್ಪಟ್ಟವರು ಸ್ವಂತ ಖರ್ಚಿನಲ್ಲಿ ಊರಿಗೆ ಮರಳಬೇಕು. ಹಣ ವಾಪಸಾಗುವುದಿಲ್ಲ ಎಂದು ಟಿಕೆಟ್ ಒಪ್ಪಂದದಲ್ಲೇ ಬರೆದಿರುತ್ತದೆ. ಹಲವು ಪುಟಗಳ ಆ ಒಪ್ಪಂದವನ್ನು ಓದಿ ಹಡಗು ಹತ್ತುವವರು ವಿರಳ.

2018ರ ಫೆಬ್ರವರಿಯಲ್ಲಿ ಮೆಲ್ಬರ್ನ್‌ನಿಂದ ಹೊರಟಿದ್ದ 'ಕಾರ್ನಿವಲ್ ಲೆಜೆಂಡ್' ಹಡಗಿನ ಪ್ರಸಂಗ ಈ ಅಧಿಕಾರದ ಬಲವನ್ನೂ ಮಿತಿಯನ್ನೂ ಒಟ್ಟಿಗೆ ತೋರಿಸುತ್ತದೆ. ಹಲವು ದಿನ ನಡೆದ ಹೊಡೆದಾಟಗಳ ನಂತರ ಹಡಗನ್ನು ನ್ಯೂ ಸೌತ್ ವೇಲ್ಸ್‌ನ ಈಡನ್ ಬಂದರಿನತ್ತ ತಿರುಗಿಸಿ, ಒಂದೇ ಬಳಗಕ್ಕೆ ಸೇರಿದ 23 ಮಂದಿಯನ್ನು ಪೊಲೀಸರ ನೆರವಿನಿಂದ ಇಳಿಸಲಾಯಿತು. ಆದರೆ ಸಹಪ್ರಯಾಣಿಕರು ಚಿತ್ರೀಕರಿಸಿದ ದೃಶ್ಯಗಳಲ್ಲಿ ಹಡಗಿನ ಭದ್ರತಾ ಸಿಬ್ಬಂದಿಯೇ ಜನರನ್ನು ಒದೆಯುತ್ತಿರುವುದು ಕಂಡುಬಂತು. ಕಂಪನಿಯ ಉದ್ಯೋಗಿಯೇ ಪೊಲೀಸನೂ ಆದಾಗ ಅವನ ಮೇಲೆ ದೂರು ಕೊಡಬೇಕಾದುದು ಅದೇ ಕಂಪನಿಗೆ ಎಂಬ ತೊಡಕು ಈ ವ್ಯವಸ್ಥೆಯಲ್ಲಿ ಮೊದಲಿನಿಂದಲೂ ಇದೆ.

ಕಂಪನಿಗಳ ಕೈಯಲ್ಲಿರುವ ಮತ್ತೊಂದು ಅಸ್ತ್ರ ಆಜೀವ ನಿಷೇಧ. 2019ರ ಜನವರಿಯಲ್ಲಿ ಬಹಾಮಾಸ್‌ನ ನಾಸೋ ಬಂದರಿನಲ್ಲಿ 'ಸಿಂಫನಿ ಆಫ್ ದ ಸೀಸ್' ಹಡಗಿನ 11ನೆಯ ಅಂತಸ್ತಿನಿಂದ ಮೋಜಿಗಾಗಿ ನೀರಿಗೆ ಹಾರಿದ ಅಮೆರಿಕದ ಯುವಕನನ್ನೂ, ಅದೇ ವರ್ಷದ ಅಕ್ಟೋಬರ್‌ನಲ್ಲಿ 'ಅಲ್ಯೂರ್ ಆಫ್ ದ ಸೀಸ್' ಹಡಗಿನ ಬಾಲ್ಕನಿಯ ಕಂಬಿಯ ಮೇಲೇರಿ ಸೆಲ್ಫಿಗೆ ನಿಂತ ಮಹಿಳೆಯನ್ನೂ ರಾಯಲ್ ಕೆರಿಬಿಯನ್ ಕಂಪನಿ ಹೀಗೆ ನಿಷೇಧಿಸಿತು.

ಕಾನೂನಿನ ವ್ಯಾಪ್ತಿ

ತೆರೆದ ಸಮುದ್ರದಲ್ಲಿ ಹಡಗು ಯಾವ ದೇಶದ ಧ್ವಜ ಹಾರಿಸುತ್ತದೆಯೋ ಆ ದೇಶದ ಕಾನೂನು ಅದಕ್ಕೆ ಅನ್ವಯಿಸುತ್ತದೆ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ ಇದನ್ನು ಸ್ಪಷ್ಟಪಡಿಸಿದೆ. ಭಾರತ ಇದನ್ನು 1995ರಲ್ಲಿ ಅನುಮೋದಿಸಿತು. ವಿಹಾರ ನೌಕೆಗಳಲ್ಲಿ ಬಹಳಷ್ಟು ಬಹಾಮಾಸ್, ಪನಾಮಾ, ಬರ್ಮುಡಾ, ಮಾಲ್ಟಾ ದೇಶಗಳಲ್ಲಿ ನೋಂದಣಿಯಾಗಿವೆ. ಹೀಗಾಗಿ ಮುಂಬಯಿಯಲ್ಲಿ ಹಡಗು ಹತ್ತಿದ ಬೆಂಗಳೂರಿನವರಿಬ್ಬರ ನಡುವಿನ ಜಗಳವೂ ಕಡಲಿನಲ್ಲಿ ನಡೆದರೆ ಎಂದೂ ನೋಡದ ದ್ವೀಪರಾಷ್ಟ್ರವೊಂದರ ಕಾನೂನಿನ ವಿಷಯವಾಗಬಹುದು. ಕರಾವಳಿಯಿಂದ 12 ನಾಟಿಕಲ್ ಮೈಲಿಯೊಳಗಿನ ಪ್ರಾದೇಶಿಕ ಸಮುದ್ರದಲ್ಲಿ ಕರಾವಳಿ ರಾಷ್ಟ್ರದ ಸಾರ್ವಭೌಮತ್ವವಿದೆ. ಆದರೂ ಅದರ ಮೂಲಕ ಹಾದುಹೋಗುತ್ತಿರುವ ವಿದೇಶಿ ಹಡಗಿನೊಳಗೆ ಆ ರಾಷ್ಟ್ರ ಬಂಧನಕ್ಕೆ ಮುಂದಾಗಬೇಕಾದರೆ ಅಪರಾಧದ ಪರಿಣಾಮ ದಡಕ್ಕೆ ತಟ್ಟಿರಬೇಕು, ಶಾಂತಿ ಕದಡಿರಬೇಕು, ಕಪ್ತಾನ ಅಥವಾ ಧ್ವಜರಾಷ್ಟ್ರದ ಪ್ರತಿನಿಧಿ ನೆರವು ಕೇಳಿರಬೇಕು ಅಥವಾ ಮಾದಕವಸ್ತುಗಳ ಸಾಗಣೆ ತಡೆಯುವ ಅಗತ್ಯ ಇರಬೇಕು. ಭಾರತದಲ್ಲಿ ನೋಂದಣಿಯಾದ ಹಡಗು ಎಲ್ಲಿದ್ದರೂ ಭಾರತದ ದಂಡಸಂಹಿತೆ ಅದರೊಳಗೆ ಅನ್ವಯಿಸುತ್ತದೆ. ಹಿಂದೆ ಭಾರತೀಯ ದಂಡ ಸಂಹಿತೆಯ 4ನೆಯ ಕಲಮಿನಲ್ಲಿದ್ದ ಈ ನಿಯಮವನ್ನು 2023ರ ಭಾರತೀಯ ನ್ಯಾಯ ಸಂಹಿತೆಯೂ ಉಳಿಸಿಕೊಂಡಿದೆ.

ಪ್ರಯಾಣಿಕರ ಅಶಿಸ್ತನ್ನೇ ಅಪರಾಧವೆಂದು ಹೆಸರಿಸುವ ಕಾನೂನು ಹೊಸದೇನಲ್ಲ. ಬ್ರಿಟನ್ನಿನ 1894ರ ವಾಣಿಜ್ಯ ನೌಕಾ ಕಾಯಿದೆಯಲ್ಲಿದ್ದ ವಿಧಿಯ ಜಾಡಿನಲ್ಲೇ ಭಾರತದ 1958ರ ವಾಣಿಜ್ಯ ನೌಕಾ ಕಾಯಿದೆಯೂ ಕುಡಿದು ಗಲಾಟೆ ಮಾಡುವವರನ್ನು ಹಡಗಿಗೆ ಸೇರಿಸದಿರಲು, ಸೇರಿದ್ದರೆ ಅನುಕೂಲವಾದ ಸ್ಥಳದಲ್ಲಿ ಇಳಿಯಲು ಹೇಳುವುದಕ್ಕೆ ಅವಕಾಶ ಕೊಟ್ಟಿತ್ತು. ಹೇಳಿದರೂ ಕೇಳದವನು ದಂಡಕ್ಕೆ ಗುರಿಯಾಗುತ್ತಿದ್ದ. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಹಾಗೆ ತಡೆದವನಿಗೆ ಅವನು ಕೊಟ್ಟಿದ್ದ ಪ್ರಯಾಣದರವನ್ನು ಮೊದಲು ಹಿಂದಿರುಗಿಸಬೇಕಿತ್ತು, ಆ ಬಳಿಕವೂ ಹಟ ಹಿಡಿದರೆ ಮಾತ್ರ ಅದು ಅಪರಾಧ. ಇಂದಿನ ಟಿಕೆಟ್ ಒಪ್ಪಂದಗಳಿಗಿಂತ ನೂರು ವರ್ಷ ಹಳೆಯ ಕಾನೂನು ಈ ಒಂದು ವಿಷಯದಲ್ಲಿ ಹೆಚ್ಚು ನ್ಯಾಯವಾಗಿತ್ತು ಎನ್ನಬೇಕು. 1958ರ ಕಾಯಿದೆಯ ಸ್ಥಾನದಲ್ಲಿ ಹೊಸ ವಾಣಿಜ್ಯ ನೌಕಾ ಕಾಯಿದೆಗೆ ಸಂಸತ್ತು 2025ರಲ್ಲಿ ಅನುಮೋದನೆ ನೀಡಿತು.

ಅಮೆರಿಕ 2010ರಲ್ಲಿ ತಂದ ಕ್ರೂಸ್ ಸುರಕ್ಷತಾ ಕಾಯಿದೆ ಆ ದೇಶದ ಬಂದರುಗಳನ್ನು ಬಳಸುವ ದೊಡ್ಡ ಹಡಗುಗಳ ಕಂಬಿ ಕನಿಷ್ಠ 42 ಅಂಗುಲ ಎತ್ತರವಿರಬೇಕು, ಕೊಠಡಿಯ ಬಾಗಿಲಲ್ಲಿ ಇಣುಕುಗಿಂಡಿ ಇರಬೇಕು, ಗಂಭೀರ ಅಪರಾಧಗಳನ್ನು ಎಫ್‌ಬಿಐಗೆ ವರದಿ ಮಾಡಬೇಕು ಎಂದು ವಿಧಿಸಿತು.

ವಿಮಾನಯಾನದೊಂದಿಗೆ ಹೋಲಿಕೆ

ಭಾರತದಲ್ಲಿ ಅಶಿಸ್ತಿನ ಪ್ರಯಾಣಿಕರ ಬಗ್ಗೆ ವಿವರವಾದ ನಿಯಮಗಳಿರುವುದು ವಿಮಾನಯಾನದಲ್ಲಿ. ಸಂಸದರೊಬ್ಬರು ಏರ್ ಇಂಡಿಯಾ ಸಿಬ್ಬಂದಿಗೆ ಚಪ್ಪಲಿಯಿಂದ ಹೊಡೆದ 2017ರ ಮಾರ್ಚ್‌ನ ಪ್ರಕರಣದ ನಂತರ, ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು ಅಶಿಸ್ತನ್ನು ಮೂರು ಹಂತಗಳಾಗಿ ವಿಂಗಡಿಸಿತು. ಬಾಯಿಮಾತಿನ ದುರ್ವರ್ತನೆಗೆ 3 ತಿಂಗಳವರೆಗೆ, ಮೈಮುಟ್ಟಿದ ದುರ್ವರ್ತನೆಗೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತರುವ ಕೃತ್ಯಕ್ಕೆ ಕನಿಷ್ಠ 2 ವರ್ಷ ಹಾರಾಟ ನಿಷೇಧ. ನಿವೃತ್ತ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿ 30 ದಿನಗಳಲ್ಲಿ ತೀರ್ಮಾನಿಸಬೇಕು. ನಿಷೇಧಕ್ಕೊಳಗಾದವರು 60 ದಿನಗಳೊಳಗೆ ಮೇಲ್ಮನವಿ ಸಲ್ಲಿಸಬಹುದು. 2022ರ ನವೆಂಬರ್‌ನಲ್ಲಿ ನ್ಯೂಯಾರ್ಕ್–ದೆಹಲಿ ವಿಮಾನದಲ್ಲಿ ವೃದ್ಧೆಯೊಬ್ಬರ ಮೇಲೆ ಸಹಪ್ರಯಾಣಿಕ ಮೂತ್ರ ವಿಸರ್ಜಿಸಿದನೆಂಬ ಆರೋಪದ ಪ್ರಕರಣದಲ್ಲಿ ಆರೋಪಿಯನ್ನು 2023ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಬಂಧಿಸಲಾಯಿತು. ಘಟನೆಯನ್ನು ನಿರ್ವಹಿಸಿದ ರೀತಿಗಾಗಿ ವಿಮಾನಸಂಸ್ಥೆಗೂ 30 ಲಕ್ಷ ರೂಪಾಯಿ ದಂಡ ಬಿತ್ತು. ಹಡಗು ಪ್ರಯಾಣಕ್ಕೆ ಇಂತಹ ಹಂತಗಳೂ ಮೇಲ್ಮನವಿಯೂ ಇರುವ ರಾಷ್ಟ್ರೀಯ ವ್ಯವಸ್ಥೆ ಇಲ್ಲ.

ಪಶ್ಚಿಮ ಕರಾವಳಿಯ ವಿಹಾರ ನೌಕೆಗಳು

ಮುಂಬಯಿ–ಗೋವಾ ನಡುವಿನ 'ಆಂಗ್ರಿಯಾ' ಹಡಗಿನ ಉದ್ಘಾಟನೆ ನಡೆದದ್ದು 2018ರ ಅಕ್ಟೋಬರ್ 20ರಂದು. ಅಂದೇ ಮಹಾರಾಷ್ಟ್ರದ ಆಗಿನ ಮುಖ್ಯಮಂತ್ರಿಯ ಪತ್ನಿ ರಕ್ಷಣಾ ಕಂಬಿಯನ್ನು ದಾಟಿ ಹಡಗಿನ ಮೂತಿಯ ಅಂಚಿನಲ್ಲಿ ಕುಳಿತು ಸೆಲ್ಫಿ ತೆಗೆದುಕೊಂಡ ದೃಶ್ಯ ದೇಶದಾದ್ಯಂತ ಹರಡಿತು. ಪೊಲೀಸ್ ಅಧಿಕಾರಿಗಳು ಹಿಂದೆ ಬರುವಂತೆ ಕೇಳಿಕೊಳ್ಳುತ್ತಿದ್ದುದೂ ಅದರಲ್ಲಿತ್ತು. ಅವರು ಮುಂದೆ ಕ್ಷಮೆ ಕೋರಿದರು. ಕೆರಿಬಿಯನ್‌ನಲ್ಲಿ ಇಂತಹ ಕೃತ್ಯ ಆಜೀವ ನಿಷೇಧಕ್ಕೆ ಕಾರಣವಾಗಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು.

2021ರ ಅಕ್ಟೋಬರ್ 2ರಂದು ಮಾದಕವಸ್ತು ನಿಯಂತ್ರಣ ದಳವು ಮುಂಬಯಿಯಿಂದ ಗೋವಾಕ್ಕೆ ಹೊರಟಿದ್ದ ಕಾರ್ಡೀಲಿಯಾ ಕಂಪನಿಯ ಹಡಗಿನ ಮೇಲೆ ದಾಳಿ ನಡೆಸಿತು. ನಟ ಶಾರುಖ್ ಖಾನ್ ಅವರ ಪುತ್ರ ಆರ್ಯನ್ ಖಾನ್ ಸೇರಿ ಹಲವರ ಬಂಧನವಾಯಿತು. ಬಾಂಬೆ ಹೈಕೋರ್ಟ್ ಅಕ್ಟೋಬರ್ 28ರಂದು ಅವರಿಗೆ ಜಾಮೀನು ನೀಡಿತು. 2022ರ ಮೇ ತಿಂಗಳಲ್ಲಿ ಸಲ್ಲಿಕೆಯಾದ ದೋಷಾರೋಪ ಪಟ್ಟಿಯಲ್ಲಿ ಸಾಕ್ಷ್ಯಾಭಾವದಿಂದ ಅವರ ಹೆಸರನ್ನು ಕೈಬಿಡಲಾಯಿತು. ನಿಯಮಪಾಲನೆಯ ಹೆಸರಿನ ಕ್ರಮವೇ ಮುಂದೆ ಪ್ರಶ್ನೆಗೆ ಒಳಗಾದ ಪ್ರಕರಣಗಳಲ್ಲಿ ಇದೂ ಒಂದು.

ಕರ್ನಾಟಕದಲ್ಲಿ

ಕರ್ನಾಟಕದಲ್ಲಿ ವಿದೇಶಿ ವಿಹಾರ ನೌಕೆಗಳು ತಂಗುವುದು ಪಣಂಬೂರಿನ ನವಮಂಗಳೂರು ಬಂದರಿನಲ್ಲಿ, ಮಳೆಗಾಲ ಕಳೆದ ತಿಂಗಳುಗಳಲ್ಲಿ. ಇ-ವೀಸಾದ ಮೇಲೆ ದೇಶ ಪ್ರವೇಶಿಸಬಹುದಾದ ಬಂದರುಗಳಲ್ಲಿ ಇದೂ ಸೇರಿದೆ. ಪ್ರಯಾಣಿಕರು ಕುದ್ರೋಳಿ, ಮೂಡುಬಿದಿರೆ, ಕಾರ್ಕಳಗಳನ್ನು ನೋಡಿ ಸಂಜೆಯೊಳಗೆ ಮರಳುತ್ತಾರೆ. ಹೇಳಿದ ಸಮಯಕ್ಕೆ ಬಾರದವರನ್ನು ಬಿಟ್ಟು ಹೊರಡುವುದು ಎಲ್ಲ ಬಂದರುಗಳಲ್ಲೂ ಇರುವ ಪದ್ಧತಿ. ಬಂದರಿನ ಕಾವಲು ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯದು. ಬಂದರಿನ ಹೊರಗೆ, ಪ್ರಾದೇಶಿಕ ಸಮುದ್ರದ ಅಂಚಿನವರೆಗೆ, ಮಲ್ಪೆಯಲ್ಲಿ ಕೇಂದ್ರ ಕಚೇರಿ ಇರುವ ಕರಾವಳಿ ಕಾವಲು ಪೊಲೀಸರ 9 ಠಾಣೆಗಳಿವೆ.

ಆದರೆ ರಾಜ್ಯದಲ್ಲಿ ಪ್ರಾಣಹಾನಿ ಆಗಿರುವುದು ಈ ದೊಡ್ಡ ಹಡಗುಗಳಲ್ಲಲ್ಲ, ಒಪ್ಪಂದವೂ ಅಭ್ಯಾಸವೂ ಇಲ್ಲದ ಸಣ್ಣ ದೋಣಿಗಳಲ್ಲಿ. 2019ರ ಜನವರಿ 21ರಂದು ಕಾರವಾರದ ಎದುರಿನ ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. ಹಾವೇರಿ ಜಿಲ್ಲೆಯಿಂದ ಬಂದಿದ್ದ ಒಂದೇ ಕುಟುಂಬದ ಹಲವರು ಅವರಲ್ಲಿದ್ದರು. ದೋಣಿಯಲ್ಲಿ ಮಿತಿಮೀರಿ ಜನರಿದ್ದರು, ಹಲವರು ಜೀವರಕ್ಷಕ ಜಾಕೆಟ್ ತೊಟ್ಟಿರಲಿಲ್ಲ. ಇಂತಹ ದುರಂತಗಳ ನಂತರ ಜನರ ಅಶಿಸ್ತೇ ಕಾರಣವೆಂಬ ಮಾತು ಬೇಗ ಹರಡುತ್ತದೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ 'ಜಲಕನ್ಯಕ' ದೋಣಿ ಮುಳುಗಿ 45 ಪ್ರವಾಸಿಗರು ಸತ್ತಾಗಲೂ, ದಡದ ಕಾಡುಪ್ರಾಣಿಗಳನ್ನು ನೋಡಲು ಎಲ್ಲರೂ ಒಂದೇ ಬದಿಗೆ ನುಗ್ಗಿದ್ದು ಕಾರಣವೆಂದು ಮೊದಲು ಹೇಳಲಾಯಿತು. ದೋಣಿಯ ಅಸ್ಥಿರ ರಚನೆ ಮತ್ತು ಅತಿಭಾರಗಳ ಪ್ರಶ್ನೆ ತನಿಖೆಯಲ್ಲಿ ಎದ್ದು ಬಂತು. ಜನ ಒಂದು ಬದಿಗೆ ಸರಿಯುವುದು ಯಾವ ದೋಣಿಯಲ್ಲೂ ನಿರೀಕ್ಷಿತವೇ. ಅದನ್ನು ತಡೆದುಕೊಳ್ಳುವಂತೆ ದೋಣಿ ಕಟ್ಟುವುದು, ಎಷ್ಟು ಜನ ಹತ್ತಬಹುದೆಂದು ಹತ್ತಿಸುವ ಮೊದಲೇ ಎಣಿಸುವುದು ನಡೆಸುವವರ ಕೆಲಸ.

ಒಳನಾಡಿನ ದೋಣಿಗಳಿಗೆ 1917ರ ಕಾಯಿದೆಯ ಬದಲಿಗೆ ಬಂದ 2021ರ ಒಳನಾಡು ನೌಕಾ ಕಾಯಿದೆ ಅನ್ವಯಿಸುತ್ತದೆ. ಶರಾವತಿ ಹಿನ್ನೀರಿನಲ್ಲಿ ಸಿಗಂದೂರಿಗೆ ಹೋಗುವವರನ್ನು ಅಂಬಾರಗೋಡ್ಲು–ಕಳಸವಳ್ಳಿ ನಡುವೆ ದಾಟಿಸುತ್ತಿದ್ದ ಸರ್ಕಾರಿ ಲಾಂಚಿನಲ್ಲಿ ಜನರೂ ವಾಹನಗಳೂ ಒಟ್ಟಿಗೇ ಸಾಗುತ್ತಿದ್ದವು. ಯಾರು ಮೊದಲು ಹತ್ತಬೇಕು, ಎಷ್ಟು ವಾಹನ ಸೇರಿಸಬೇಕು ಎಂಬ ತಕರಾರು ಹಬ್ಬದ ದಿನಗಳಲ್ಲಿ ಸಾಮಾನ್ಯವಾಗಿತ್ತು. ನೀರು ತೀರ ಇಳಿದ ಬೇಸಿಗೆಗಳಲ್ಲಿ ವಾಹನ ಸಾಗಣೆಯನ್ನೇ ನಿಲ್ಲಿಸಬೇಕಾಗುತ್ತಿತ್ತು. 2025ರ ಜುಲೈ 14ರಂದು ಅಲ್ಲಿ ಸೇತುವೆ ಸಂಚಾರಕ್ಕೆ ತೆರೆಯಿತು.